ಗುಂಡಿ ನಮ್ಮದು, ಸಾವು ಯಾರದು?

ಹೊಸದಾಗಿ ಮನೆ ಕಟ್ಟಿಸಿದವರು ಬಂದ ನೆಂಟರಿಗೆ ಮನೆ ತೋರಿಸುವ ಸಂಭ್ರಮವನ್ನು ನೀವೂ ನೋಡಿರುತ್ತೀರಿ. ಮುಂಬಾಗಿಲಿನ ತೇಗದ ಕೆತ್ತನೆ, ಹಾಲಿನ ಗ್ರಾನೈಟು, ಅಡುಗೆಮನೆಯ ಕಪಾಟು, ಕೊನೆಗೆ ಫಳಫಳ ಹೊಳೆಯುವ ಬಾತ್‌ರೂಮು. ಕಮೋಡಿನ ಬೆಲೆಯನ್ನು ಕೇಳದಿದ್ದರೂ ಹೇಳುತ್ತಾರೆ. ಆದರೆ ಆ ಕಮೋಡಿನಿಂದ ಇಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ನೋಡಿ. ‘ಗುಂಡಿ ಇದೆಯಲ್ಲ’ ಎನ್ನುತ್ತಾರೆ. ಎಲ್ಲಿದೆ? ‘ಇಲ್ಲೇ ಎಲ್ಲೋ, ಕಾರು ನಿಲ್ಲಿಸಿದ್ದೀವಲ್ಲ, ಅದರ ಕೆಳಗೆ.’ ಎಷ್ಟು ಆಳ? ‘ಮೇಸ್ತ್ರಿಗೆ ಗೊತ್ತು.’ ಯಾವಾಗ ಖಾಲಿ ಮಾಡಿಸಬೇಕು? ‘ತುಂಬಿದಾಗ ನೋಡಿದರಾಯ್ತು ಬಿಡಿ.’

ಈ ‘ತುಂಬಿದಾಗ ನೋಡಿದರಾಯ್ತು’ ಎಂಬ ನಿರಾಳ ಮಾತೇ ಮುಂದೊಂದು ದಿನ ಒಬ್ಬ ಮನುಷ್ಯನನ್ನು ಆ ಗುಂಡಿಯೊಳಕ್ಕೆ ಇಳಿಸುತ್ತದೆ. ನಾವು ಮಾತ್ರ ಅದನ್ನು ಆಕಸ್ಮಿಕ ಎಂದು ಕರೆಯುತ್ತೇವೆ. ಪತ್ರಿಕೆಯ ಒಳಪುಟದಲ್ಲಿ ಶೌಚಗುಂಡಿಗೆ ಇಳಿದವರು ಸತ್ತ ಸುದ್ದಿ ಓದಿ, ‘ಪಾಪ’ ಎಂದು ಪುಟ ತಿರುಗಿಸುತ್ತೇವೆ. ಆ ಸುದ್ದಿಯಲ್ಲಿ ಸತ್ತವರ ಹೆಸರಿರುತ್ತದೆ, ವಯಸ್ಸಿರುತ್ತದೆ, ಬಿಟ್ಟುಹೋದ ಮಕ್ಕಳ ಸಂಖ್ಯೆ ಇರುತ್ತದೆ. ಗುಂಡಿಯ ಮಾಲೀಕ ಎಷ್ಟು ರೂಪಾಯಿ ಉಳಿಸಲು ಹೋಗಿದ್ದ ಎಂಬ ಲೆಕ್ಕ ಮಾತ್ರ ಇರುವುದಿಲ್ಲ. ನನ್ನ ತಕರಾರು ಇರುವುದು ಆ ಲೆಕ್ಕದ ಬಗ್ಗೆ.

ಗುಂಡಿ ತುಂಬುವುದೂ ಸಮಯ ನೋಡಿಯೇ. ಹಬ್ಬದ ಹಿಂದಿನ ದಿನವೋ, ಮದುವೆಗೆ ನೆಂಟರು ಬಂದಿಳಿದ ಮೇಲೋ, ಜೋರು ಮಳೆ ಹಿಡಿದಾಗಲೋ ಬಚ್ಚಲಿನಲ್ಲಿ ನೀರು ನಿಲ್ಲುತ್ತದೆ. ಆಗ ಮಾಲೀಕನ ಮುಂದೆ ಎರಡು ದಾರಿ. ಒಂದು, ಕೊಳವೆ ಇಳಿಬಿಟ್ಟು ಹೀರಿಕೊಂಡು ಹೋಗುವ ಸಕ್ಕಿಂಗ್ ಗಾಡಿ. ಎರಡು, ‘ಯಾರನ್ನಾದರೂ ಇಳಿಸೋದು’. ಗಾಡಿಯವನು ಮೂರು ಸಾವಿರ ಕೇಳುತ್ತಾನೆ. ಇಳಿಯುವವನು ಇಬ್ಬರಿಗೆ ಸೇರಿ ಸಾವಿರದೈನೂರು ಎನ್ನುತ್ತಾನೆ. ಚೌಕಾಸಿ ಮಾಡಿದರೆ ಸಾವಿರದ ಇನ್ನೂರಕ್ಕೆ ಬರುತ್ತಾನೆ. ಜೊತೆಗೆ ವಾಸನೆ ತಡೆಯಲು ಒಂದು ಕ್ವಾರ್ಟರ್. ಗಾಡಿಯವನನ್ನು ‘ಬನ್ನಿ’ ಎಂದು ಕರೆದ ನಮ್ಮ ನಾಲಿಗೆ, ಇಳಿಯುವವನನ್ನು ‘ಏ, ಬಾರೋ ಇಲ್ಲಿ’ ಎನ್ನುತ್ತದೆ. ದರ ಇಳಿಯುವುದಕ್ಕೆ ಮೊದಲೇ ಮರ್ಯಾದೆ ಇಳಿದಿರುತ್ತದೆ.

ಮನುಷ್ಯ ಯಂತ್ರಕ್ಕಿಂತ ಅಗ್ಗ ಹೇಗಾದ? ಗಾಡಿಯ ದರದಲ್ಲಿ ಡೀಸೆಲ್ ಇದೆ, ಚಾಲಕನ ಸಂಬಳವಿದೆ, ಗಾಡಿಯ ಸಾಲದ ಕಂತಿದೆ, ವಿಮೆಯಿದೆ, ರಿಪೇರಿಯಿದೆ. ಮನುಷ್ಯನ ದರದಲ್ಲಿ ಅವನ ಪುಪ್ಪುಸದ ರಿಪೇರಿ ಇಲ್ಲ, ವಿಮೆ ಇಲ್ಲ, ಅವನು ಮೇಲೆ ಬರದಿದ್ದರೆ ಹೆಂಡತಿ ಮಕ್ಕಳ ಗತಿ ಏನೆಂಬ ಬಾಬತ್ತು ಇಲ್ಲ. ಇವೆಲ್ಲವನ್ನೂ ಲೆಕ್ಕದಿಂದ ಹೊಡೆದು ಹಾಕಿದ ಮೇಲೆ ಉಳಿಯುವುದನ್ನು ನಾವು ‘ಅಗ್ಗ’ ಎನ್ನುತ್ತೇವೆ. ಯಂತ್ರ ಕೆಟ್ಟರೆ ನಷ್ಟ, ಮನುಷ್ಯ ಸತ್ತರೆ ಹಣೆಬರಹ! ಇದಕ್ಕಿಂತ ಲಜ್ಜೆಗೆಟ್ಟ ಗಣಿತ ಬೇರೆ ಇದೆಯೇ?

ಗುಂಡಿಯೊಳಗೆ ಏನಿದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಗಾಳಿ ಆಡದ ಜಾಗದಲ್ಲಿ ಮಲ ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಇಂಗಾಲದ ಡೈ ಆಕ್ಸೈಡ್ ಅನಿಲಗಳು ಹುಟ್ಟುತ್ತವೆ. ಉಸಿರಾಟಕ್ಕೆ ಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಆದ್ದರಿಂದ ಮುಚ್ಚಳ ತೆಗೆದಿಟ್ಟರೂ ತಳದಲ್ಲೇ ಕೂತಿರುತ್ತದೆ. ಸ್ವಲ್ಪ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಾದಾಗ ವಾಸನೆ ಹಿಡಿಯುವ ನರವೇ ಸತ್ತಂತಾಗಿ, ವಾಸನೆ ನಿಂತುಹೋಗುತ್ತದೆ. ‘ಈಗ ನಾತ ಇಲ್ಲ, ಇಳೀಬಹುದು’ ಎಂದು ಮೇಲೆ ನಿಂತವರು ಹೇಳುವ ಹೊತ್ತು ಅತ್ಯಂತ ಅಪಾಯದ ಹೊತ್ತೂ ಆಗಿರಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಧೂಳನ್ನು ತಡೆದೀತು, ಅನಿಲವನ್ನಲ್ಲ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವವರಿದ್ದಾರೆ. ಮೀಥೇನ್ ಹೊತ್ತಿಕೊಳ್ಳುವ ಅನಿಲ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಮೇಲಿನ ನೀರು ಖಾಲಿಯಾಯಿತು ಎಂದು ಧೈರ್ಯ ತಾಳುವಂತೆಯೂ ಇಲ್ಲ. ತಳದ ಹೂಳನ್ನು ಕಾಲಿನಿಂದ ಕಲಕಿದ ಕೂಡಲೇ ಅದರೊಳಗೆ ಸಿಕ್ಕಿಕೊಂಡಿದ್ದ ಅನಿಲ ಮೇಲೆದ್ದು ಬರುತ್ತದೆ. ಕೆಲವು ಉಸಿರಿನಲ್ಲೇ ಮನುಷ್ಯ ಕುಸಿಯುತ್ತಾನೆ.

ಆಗ ಎರಡನೆಯವನು ಇಳಿಯುತ್ತಾನೆ, ಮೊದಲನೆಯವನನ್ನು ಎತ್ತಲು. ಅವನೂ ಬರದಿದ್ದಾಗ ಮೂರನೆಯವನು. ಈ ಸುದ್ದಿಗಳಲ್ಲಿ ಸತ್ತವರ ಸಂಖ್ಯೆ ಹೆಚ್ಚಾಗಿ ಎರಡು, ಮೂರು ಇರುವುದು ಇದೇ ಕಾರಣಕ್ಕೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಮ್ಯಾನ್‌ಹೋಲ್‌ನಲ್ಲಿ ಸತ್ತವರು ಮೂವರು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಬಳಿಯ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟಿನ ಕೊಳಚೆ ನೀರು ಸಂಸ್ಕರಣೆಯ ತೊಟ್ಟಿಯಲ್ಲಿ ಸತ್ತವರೂ ಮೂವರು. ಬಡವ ತನ್ನ ಜೊತೆಗಾರನನ್ನು ಬಿಟ್ಟು ಓಡುವುದಿಲ್ಲ. ಓಡದೆ ನಿಂತದ್ದಕ್ಕೆ ಅವನಿಗೆ ಸಿಗುವ ಕೂಲಿ ಇದು.

2019ರಿಂದ 2023ರ ನಡುವೆ ದೇಶದಲ್ಲಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗಳಿಗೆ ಇಳಿದು 377 ಮಂದಿ ಸತ್ತಿದ್ದಾರೆ ಎಂದು ಕೇಂದ್ರ ಸರಕಾರವೇ 2024ರಲ್ಲಿ ಸಂಸತ್ತಿಗೆ ತಿಳಿಸಿತು. ಇದು ಲೆಕ್ಕಕ್ಕೆ ಸಿಕ್ಕವರ ಸಂಖ್ಯೆ. 2022 ಮತ್ತು 2023ರಲ್ಲಿ ನಡೆದ ಇಂಥ 54 ಸಾವುಗಳ ಬಗ್ಗೆ ಸರಕಾರ ಮಾಡಿಸಿದ ಸಾಮಾಜಿಕ ಪರಿಶೋಧನೆಯ ವಿವರ 2025ರ ಜುಲೈನಲ್ಲಿ ಸಂಸತ್ತಿನ ಮುಂದೆ ಬಂತು. ಅದರ ಪ್ರಕಾರ 49 ಮಂದಿಯ ಮೈಮೇಲೆ ಯಾವ ಸುರಕ್ಷಾ ಸಾಧನವೂ ಇರಲಿಲ್ಲ. ಸರಕಾರಿ ಸಂಬಳದ ಪಟ್ಟಿಯಲ್ಲಿದ್ದವರು ಬರೀ 5 ಮಂದಿ. 38 ಮಂದಿಯನ್ನು ವೈಯಕ್ತಿಕವಾಗಿ ಕರೆದು ಕೆಲಸಕ್ಕೆ ಹಚ್ಚಲಾಗಿತ್ತು. ಈ ಕೊನೆಯ ಸಂಖ್ಯೆಯನ್ನು ಓದುಗರು ಮತ್ತೊಮ್ಮೆ ನೋಡಬೇಕು. ಇಂಥ ಸಾವಿನ ಮಾತು ಬಂದಾಗ ನಾವು ಸರಕಾರವನ್ನು, ನಗರಸಭೆಯನ್ನು, ಗುತ್ತಿಗೆದಾರನನ್ನು ಬಯ್ದು ಹಗುರಾಗುತ್ತೇವೆ. ಬಯ್ಯಬೇಕಾದದ್ದೇ. ಆದರೆ ಹೀಗೆ ಬಿಡಿಬಿಡಿಯಾಗಿ ಕರೆಸುವವರಲ್ಲಿ ನಮ್ಮ ನಿಮ್ಮಂಥ ಮನೆಯವರೂ ಇದ್ದಾರಲ್ಲವೇ?

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1993ರಲ್ಲಿ ಒಂದು ಕಾಯ್ದೆ ಬಂತು. ಅದು ಸಾಲದೆಂದು 2013ರಲ್ಲಿ ಇನ್ನೊಂದು ಬಂದು ಆ ವರ್ಷದ ಡಿಸೆಂಬರ್ 6ರಿಂದ ಜಾರಿಯಾಯಿತು. ಅದರ ಏಳನೇ ಸೆಕ್ಷನ್ ಪ್ರಕಾರ ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿ, ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ, ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕೆಲಸಕ್ಕೆ ಯಾರನ್ನೂ ತೊಡಗಿಸುವಂತಿಲ್ಲ. ಮೊದಲ ಬಾರಿಯ ತಪ್ಪಿಗೆ ಎರಡು ವರ್ಷದವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷ. ಅಪರಾಧ ಜಾಮೀನುರಹಿತ. ‘ಯಾವುದೇ ವ್ಯಕ್ತಿ’ ಎಂದರೆ ಮನೆ ಮಾಲೀಕನೂ ಬಂದ. ‘ಪರೋಕ್ಷವಾಗಿ’ ಎಂದರೆ ‘ನಾನು ಪ್ಲಂಬರ್‌ಗೆ ಹೇಳಿದ್ದೆ, ಅವನು ಯಾರನ್ನೋ ಕರ್ಕೊಂಡು ಬಂದ’ ಎಂಬ ಸಬೂಬೂ ನಡೆಯುವುದಿಲ್ಲ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸಿ ಒಳಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಒಂದೂವರೆ ಸಾವಿರ ಉಳಿಸಲು ಹೋದವನ ಮುಂದೆ ನ್ಯಾಯಾಲಯ ಮೂವತ್ತು ಲಕ್ಷದ ಲೆಕ್ಕ ಇಟ್ಟಿದೆ. ಆದರೂ ನಮ್ಮ ಚೌಕಾಸಿ ನಿಂತಿಲ್ಲ.

ಇನ್ನು ನಾವು ಹೇಳಿಕೊಳ್ಳುವ ಸಮರ್ಥನೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ‘ಗಾಡಿ ದುಬಾರಿ’. ಸಕ್ಕಿಂಗ್ ಗಾಡಿಯ ದರ ಊರಿನಿಂದ ಊರಿಗೆ, ಟ್ಯಾಂಕಿನ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ನಗರಸಭೆ, ಪುರಸಭೆಗಳ ಗಾಡಿ ಇರುವಲ್ಲಿ ಶುಲ್ಕ ಕಟ್ಟಿ ರಸೀದಿ ಪಡೆಯಬಹುದು. ಖಾಸಗಿ ಗಾಡಿಯವರು ಲೋಡಿನ ಲೆಕ್ಕದಲ್ಲಿ ಕೇಳುತ್ತಾರೆ. ಮೂರು ಸಾವಿರ ಎಂದೇ ಇಟ್ಟುಕೊಳ್ಳಿ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕೆಂಬುದು ತಜ್ಞರ ಸಲಹೆ. ಮೂರು ವರ್ಷಕ್ಕೆ ಮೂರು ಸಾವಿರ ಎಂದರೆ ತಿಂಗಳಿಗೆ ಎಂಬತ್ತನಾಲ್ಕು ರೂಪಾಯಿ. ಎರಡು ಲೋಡು ಬಂದರೂ ತಿಂಗಳಿಗೆ ನೂರ ಅರವತ್ತೇಳು. ಇಷ್ಟು ಹಣವನ್ನು ನಾವು ಮೊಬೈಲಿಗೆ, ಟಿ.ವಿ.ಗೆ ಎರಡನೇ ಯೋಚನೆ ಇಲ್ಲದೆ ಕಟ್ಟುತ್ತೇವೆ. ಹತ್ತು ಹದಿನೈದು ವರ್ಷ ಒಂದು ಪೈಸೆಯನ್ನೂ ಎತ್ತಿಡದೆ, ಕೊನೆಗೊಂದು ದಿನ ‘ದುಬಾರಿ’ ಎನ್ನುವುದು ಬಡತನದ ಮಾತಲ್ಲ, ಉದಾಸೀನದ ಮಾತು. ನಿಜವಾದ ಬಡವರ ಮಾತು ಬೇರೆ. ಅವರ ಗುಂಡಿಯ ಹೊಣೆ ಪುರಸಭೆಯದಾಗಬೇಕು. ಆದರೆ ಗ್ರಾನೈಟು ಹಾಸಿದವರಿಗೆ ಆ ರಿಯಾಯಿತಿ ಇಲ್ಲ.

ಉದಾಸೀನಕ್ಕೆ ಹಣದ ಲೆಕ್ಕದಲ್ಲೂ ದಂಡವಿದೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಭಾರದ್ದು ತಳಕ್ಕಿಳಿದು ಹೂಳಾಗುತ್ತದೆ, ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ, ನಡುವಿನ ನೀರು ಮಾತ್ರ ಹೊರಟು ಇಂಗುಗುಂಡಿಗೆ ಹೋಗುತ್ತದೆ. ಹೂಳು ತೆಗೆಸದೆ ಬಿಟ್ಟರೆ ಆ ಗಟ್ಟಿ ಪದಾರ್ಥವೂ ನೀರಿನೊಂದಿಗೆ ಹೊರಟು ಇಂಗುಗುಂಡಿಯ ಸುತ್ತಲಿನ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ಎಷ್ಟು ಸಲ ಹೀರಿಸಿದರೂ ಕೆಲವೇ ದಿನದಲ್ಲಿ ಮತ್ತೆ ತುಂಬುತ್ತದೆ. ಹೊಸ ಇಂಗುಗುಂಡಿ ತೋಡಿಸಬೇಕಾಗುತ್ತದೆ. ಆ ಖರ್ಚಿನ ಮುಂದೆ ಗಾಡಿಯ ಬಾಡಿಗೆ ಏನೇನೂ ಅಲ್ಲ.

ಎರಡನೆಯದು, ‘ಗಾಡಿಯಿಂದ ಗಟ್ಟಿ ಹೂಳು ಬರೋದಿಲ್ಲ, ಯಾರಾದರೂ ಇಳಿದು ಬಾಚಲೇಬೇಕು’. ಹೂಳು ಗಟ್ಟಿಯಾದದ್ದು ಯಾಕೆ? ಹದಿನೈದು ವರ್ಷ ಮುಟ್ಟದೆ ಬಿಟ್ಟದ್ದಕ್ಕೆ. ಅಂಥ ಹೂಳಿಗೂ ದಾರಿಯಿದೆ. ನೀರು ಬಿಟ್ಟು ನೆನೆಸಬಹುದು. ಜೆಟ್ಟಿಂಗ್ ಯಂತ್ರದ ಒತ್ತಡದ ನೀರಿನಿಂದ ಮೇಲಿನಿಂದಲೇ ಒಡೆದು ಕದಡಬಹುದು, ಹಿಂದೆಯೇ ಹೀರಿಸಬಹುದು. ನೀರು ಹೊಡೆಯುವುದು, ಹೀರುವುದು ಎರಡನ್ನೂ ಮಾಡುವ ಗಾಡಿಗಳಿವೆ. ಒಂದು ಲೋಡಿಗೆ ಮುಗಿಯುವ ಕೆಲಸ ಮೂರು ಲೋಡು ಹಿಡಿಯಬಹುದು, ಹಿಡಿಯಲಿ. ಅದು ನಮ್ಮ ಹದಿನೈದು ವರ್ಷದ ಬಾಕಿ, ತೀರಿಸಬೇಕಾದವರು ನಾವು. ಇನ್ನೊಂದು ವಿಷಯ. ಗುಂಡಿಯ ಬಾಯಿಯ ಬಳಿ ನಿಂತು ‘ಆ ಮೂಲೇಲಿ ಇನ್ನೂ ಇದೆ ನೋಡು, ತಳ ಕಾಣ್ಬೇಕು’ ಎಂದು ಹುಕುಂ ಮಾಡುವ ಯಜಮಾನರಿದ್ದಾರೆ. ಸೆಪ್ಟಿಕ್ ಟ್ಯಾಂಕಿನ ತಳ ಕಾಣುವ ಅಗತ್ಯವೇ ಇಲ್ಲ. ಸ್ವಲ್ಪ ಹೂಳು ಉಳಿದರೆ ಮಲವನ್ನು ಕೊಳೆಸುವ ಜೀವಾಣುಗಳು ಅದರಿಂದಲೇ ಮತ್ತೆ ಬೆಳೆಯುತ್ತವೆ. ಯಾರೂ ಊಟ ಮಾಡದ ಆ ತಳವನ್ನು ಹೊಳೆಯಿಸುವ ಹಟಕ್ಕೆ ಒಬ್ಬನ ಉಸಿರು ಬೇಕೇ?

ಮೂರನೆಯದು, ‘ನಮ್ಮ ಗಲ್ಲಿಗೆ ಗಾಡಿ ಬರೋದಿಲ್ಲ’. ನಮ್ಮ ಮೊಹಲ್ಲಾಗಳಲ್ಲಿ, ಹಳೇ ಪೇಟೆಗಳಲ್ಲಿ ಇದು ನಿಜವಾದ ತೊಂದರೆ. ಎರಡು ಬೈಕು ಎದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿಗಳಿವೆ. ಆದರೆ ಗಾಡಿಯ ಕೊಳವೆಗೆ ಕೊಳವೆ ಜೋಡಿಸಿ ದೂರದಿಂದಲೂ ಹೀರಬಹುದು. ಸಣ್ಣ ಗಾಡಿಗಳೂ ಇವೆ. ಕೇಳುವವರು ಬೇಕು, ಅಷ್ಟೆ. ಬೀದಿ ದೀಪ ಕೆಟ್ಟರೆ, ನಲ್ಲಿಯಲ್ಲಿ ನೀರು ಬಾರದಿದ್ದರೆ ವಾರ್ಡಿನ ಸದಸ್ಯನ ಮನೆ ಬಾಗಿಲು ಬಡಿಯುವ ನಾವು, ‘ನಮ್ಮ ಓಣಿಗೆ ಹೊಂದುವ ಸಕ್ಕಿಂಗ್ ಗಾಡಿ ಕೊಡಿ’ ಎಂದು ಎಷ್ಟು ಸಲ ಅರ್ಜಿ ಕೊಟ್ಟಿದ್ದೇವೆ? ನಮ್ಮ ಕೇರಿಗಳನ್ನು ಪುರಸಭೆ ಕಡೆಗಣಿಸುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ನಮಗಾದ ಅನ್ಯಾಯವನ್ನು ನಮಗಿಂತ ಕೆಳಗಿರುವವನ ಮೈಮೇಲೆ ಇಳಿಸಲು ಅದು ಪರವಾನಗಿ ಆಗುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಸಲೀಸಾದ ಮಾತು: ‘ನಾವೇನು ಬಲವಂತ ಮಾಡಿದ್ವಾ? ಅವರೇ ಕೆಲಸ ಕೇಳ್ಕೊಂಡು ಬರ್ತಾರೆ.’ ಹೌದು, ಬರುತ್ತಾರೆ. ಹಸಿವು ಬಲವಂತ ಮಾಡಿ ಕಳಿಸಿದ ಮೇಲೆ ನಾವು ಬೇರೆ ಬಲವಂತ ಮಾಡುವ ಪ್ರಮೇಯ ಎಲ್ಲಿ ಬಂತು? ಆದರೆ ಹಸಿದವರೆಲ್ಲ ಈ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕೆಲಸಗಾರರನ್ನು ಗುರುತಿಸಲು ಕೇಂದ್ರದ ‘ನಮಸ್ತೆ’ ಯೋಜನೆಯಡಿ ನಡೆದ ಎಣಿಕೆಯ 2024ರ ವಿವರಗಳ ಪ್ರಕಾರ, ಗುರುತಿಸಲಾದ ಸುಮಾರು 38,000 ಮಂದಿಯಲ್ಲಿ ಶೇಕಡಾ 92ರಷ್ಟು ಮಂದಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳವರು. ಪರಿಶಿಷ್ಟ ಜಾತಿಯವರೇ ಮೂರನೇ ಎರಡು ಭಾಗಕ್ಕಿಂತ ಹೆಚ್ಚು. ಬಡತನ ಎಲ್ಲ ಜಾತಿಗಳಲ್ಲೂ ಇದೆ, ಗುಂಡಿ ಮಾತ್ರ ಕೆಲವರಿಗೇ ಮೀಸಲು. ಮೀಸಲಾತಿಯ ವಿರುದ್ಧ ಗಂಟೆಗಟ್ಟಲೆ ಮಾತಾಡುವವರು ಈ ಮೀಸಲಾತಿಯ ವಿರುದ್ಧ ಬಾಯಿ ಬಿಟ್ಟದ್ದನ್ನು ನಾನು ಕೇಳಿಲ್ಲ.

ಈ ಹಂತದಲ್ಲಿ ನಮ್ಮವರು, ‘ಜಾತಿ ಅವರದು, ನಮ್ಮಲ್ಲಿ ಇಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಹಾಗಾದರೆ ಉರ್ದುವಿನ ಮೂರು ಶಬ್ದಗಳನ್ನು ನೋಡಿ. ಹಲಾಲ್‌ಖೋರ್, ಮೆಹ್ತರ್, ಜಮಾದಾರ್. ಮೂರೂ ಕಕ್ಕಸು ಬಳಿಯುವವನಿಗೆ ಬಳಕೆಯಾದ ಹೆಸರುಗಳು. ಹಲಾಲ್‌ಖೋರ್ ಎಂದರೆ ಹಲಾಲಾದುದನ್ನು ಉಣ್ಣುವವನು. ಈ ಹೆಸರನ್ನು ಬಳಕೆಗೆ ತಂದವನು ಅಕ್ಬರ್ ಬಾದಶಹನೇ ಎಂದು ಐನ್-ಇ-ಅಕ್ಬರಿಯಲ್ಲಿ ಅಬುಲ್ ಫಜಲ್ ಬರೆದಿದ್ದಾನೆ. ಮೆಹ್ತರ್ ಎಂದರೆ ಫಾರಸಿಯಲ್ಲಿ ದೊಡ್ಡವನು, ಸರದಾರ. ಚಿತ್ರಾಲದ ಅರಸರಿಗೂ ಅದೇ ಬಿರುದಿತ್ತು. ಜಮಾದಾರ್ ಸೈನ್ಯದ ಅಧಿಕಾರಿಯ ಪದವಿ. ಎಷ್ಟು ದೊಡ್ಡ ದೊಡ್ಡ ಹೆಸರುಗಳು! ಬಾದಶಹ ಹೆಸರು ಬದಲಿಸಿದ, ಕೆಲಸ ಬದಲಿಸಲಿಲ್ಲ. ಶಬ್ದವೇ ಕೊನೆಗೆ ಮೈಲಿಗೆಯಾಯಿತು. ಇವತ್ತಿಗೂ ಮನೆಗಳಲ್ಲಿ ಮಕ್ಕಳನ್ನು ಬಯ್ಯಲು ‘ಮೆಹ್ತರ್’ ಎನ್ನುವವರಿದ್ದಾರೆ. ನಾವೀಗ ಅದನ್ನೇ ಮುಂದುವರಿಸಿದ್ದೇವೆ. ಪೌರಕಾರ್ಮಿಕ ಎಂದೆವು, ‘ಸಫಾಯಿ ಮಿತ್ರ’ ಎಂದೆವು. ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ, ಸಾವುಗಳೆಲ್ಲ ‘ಅಪಾಯಕಾರಿ ಶುಚಿ ಕೆಲಸ’ದಿಂದ ಆದದ್ದು ಎಂದು 2021ರಲ್ಲಿ ಸಂಸತ್ತಿನಲ್ಲೇ ಉತ್ತರ ಬಂತು. ಹೆಸರು ಬದಲಾದರೆ ಶವದ ಭಾರ ಕಡಿಮೆಯಾದೀತೇ?

ತಹಾರತ್‌ನ ಬಗ್ಗೆ ನಮಗೆ ಮದರಸದ ಮೊದಲ ಪಾಠದಿಂದಲೇ ಹೇಳಿಕೊಡುತ್ತಾರೆ. ಒಂದು ಹನಿ ಬಟ್ಟೆಗೆ ತಾಗಿದರೆ ನಮಾಜಿಗೆ ನಿಲ್ಲಲು ಹಿಂಜರಿಯುವ ಜನ ನಾವು. ಹೊಲೆ ಮೈಲಿಗೆಯ ಮಡಿಯನ್ನು ಆಡಿಕೊಳ್ಳುವ ಜನವೂ ನಾವೇ. ನಮ್ಮ ಮೈ ಪಾಕ್ ಆಗಲು ಇನ್ನೊಬ್ಬನ ಮೈ ಕುತ್ತಿಗೆವರೆಗೆ ನಮ್ಮ ಮಲದಲ್ಲಿ ಮುಳುಗಬೇಕೆಂದರೆ ಅದು ತಹಾರತ್ ಹೇಗಾಗುತ್ತದೆ? ಕೂಲಿಯವನ ಬೆವರಿನ ಬಗ್ಗೆ ವಾಜ್‌ಗಳಲ್ಲಿ ಕೇಳಿ ತಲೆದೂಗಿ ಬಂದವರು, ಮನೆಯಂಗಳದಲ್ಲಿ ಅದೇ ಕೂಲಿಯವನೊಂದಿಗೆ ಮುನ್ನೂರು ರೂಪಾಯಿಗೆ ಜಗ್ಗಾಡುವುದನ್ನು ಏನೆಂದು ಕರೆಯೋಣ? ಈ ಪ್ರಶ್ನೆ ಮಡಿಯುಟ್ಟು ಪೂಜೆಗೆ ಕೂರುವವರಿಗೂ ಅಷ್ಟೇ ಅನ್ವಯಿಸುತ್ತದೆ.

ಕರ್ನಾಟಕದಲ್ಲಿ ಈ ನಾಚಿಕೆಯನ್ನು ಮುಖಕ್ಕೆ ಹಿಡಿದು ತೋರಿಸಿದವರು ಇಲ್ಲದಿಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ಅವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾಯ್ದೆ ಬರಲು ಆಮೇಲೆ ಇಪ್ಪತ್ತು ವರ್ಷ ಹಿಡಿಯಿತು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿಗಳ ಚಳವಳಿ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಮ್ಮನ್ನು ವಾಸದ ಜಾಗದಿಂದ ಎಬ್ಬಿಸಲು ಹೊರಟ ಪುರಸಭೆಯ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ನವಾಬರ ಊರೆಂದು ನಾವು ಹೆಮ್ಮೆಪಡುವ ಸವಣೂರು ಅದು. ಅಂದು ಮೂಗು ಮುಚ್ಚಿಕೊಂಡ ನಾಡು, ಕಣ್ಣು ತೆರೆದದ್ದು ಎಷ್ಟು ದಿನ?

ಹಾಗಾದರೆ ಮಾಡಬೇಕಾದದ್ದೇನು? ಬಯ್ದು ಮುಗಿಸುವುದು ಸುಲಭ, ದಾರಿಯನ್ನೂ ಹೇಳಬೇಕು.

ಮನೆಯೊಳಗಿನ ಮೋರಿ ಕಟ್ಟುವುದಕ್ಕೆ ಹೆಚ್ಚಿನ ಮಟ್ಟಿಗೆ ನಮ್ಮ ಕೈಯೇ ಕಾರಣ. ಬಿರಿಯಾನಿ ದೇಗಿನ ಜಿಡ್ಡು, ಕರಿದ ಎಣ್ಣೆ, ಅನ್ನದ ಅಗುಳು, ಚಹಾದ ಚರಟ ಎಲ್ಲವೂ ಸಿಂಕಿಗೆ. ಬಿಸಿಯಾಗಿದ್ದಾಗ ಹರಿದ ಕೊಬ್ಬು ಪೈಪಿನೊಳಗೆ ತಣ್ಣಗಾಗಿ ಗೋಡೆಗೆ ಅಂಟುತ್ತದೆ. ಬಕ್ರೀದಿನ ದಿನ ರಕ್ತ, ಕೊಬ್ಬು, ಕರುಳಿನ ಕಸವನ್ನೆಲ್ಲ ಚರಂಡಿಗೆ ಬಿಡುವ ಮನೆಗಳಿವೆ. ಮೂರನೇ ದಿನ ಓಣಿಯೇ ನಾರುತ್ತದೆ. ಕುರ್ಬಾನಿಯ ಪುಣ್ಯ ನಮಗೆ, ಅದರ ಹೊಲಸು ಪೌರಕಾರ್ಮಿಕರಿಗೆ! ಜಿಡ್ಡಿನ ಪಾತ್ರೆಯನ್ನು ಹಳೇ ಪೇಪರಿನಿಂದ ಒರೆಸಿ ತೊಳೆಯಿರಿ. ಸಿಂಕಿಗೂ ಬಚ್ಚಲಿಗೂ ಜಾಲರಿ ಹಾಕಿಸಿ. ಪ್ಯಾಡು, ಡೈಪರು, ಬಟ್ಟೆ ತುಂಡನ್ನು ಕಮೋಡಿಗೆ ಹಾಕಬೇಡಿ. ಒಳಗೆ ಸಿಕ್ಕಿದ ಅವನ್ನು ಬರಿಗೈಯಲ್ಲಿ ಎಳೆಯುವವನು ಒಬ್ಬನಿದ್ದಾನೆ ಎಂಬುದು ನೆನಪಿರಲಿ.

ಆದರೂ ಕಟ್ಟಿಕೊಂಡರೆ ಕ್ರಮವಾಗಿ ಹೋಗಿ. ಮೊದಲು ರಬ್ಬರ್ ಪಂಪು. ನೂರಿನ್ನೂರು ರೂಪಾಯಿಯದು ವರ್ಷಗಟ್ಟಲೆ ಬರುತ್ತದೆ. ಸಿಂಕಿನ ಕೆಳಗಿನ ಟ್ರ್ಯಾಪಿಗೆ ಬಕೆಟ್ ಹಿಡಿದು ತಿರುಗಿಸಿ ಬಿಚ್ಚಿದರೆ ಕಸ ಅಲ್ಲಿಯೇ ಸಿಗುವುದುಂಟು. ಆಗದಿದ್ದರೆ ಸ್ಪ್ರಿಂಗ್ ತಂತಿ ಇರುವ ಪ್ಲಂಬರ್ ಕೆಲವು ನೂರು ರೂಪಾಯಿಗೆ ತೆರವು ಮಾಡುತ್ತಾನೆ. ಅಂಗಳದ ಚೇಂಬರಿನಿಂದಾಚೆ ಕಟ್ಟಿದ್ದರೆ ಹೊರಗೆ ನಿಂತೇ ಬಿದಿರಿನ ದಬ್ಬೆ ಅಥವಾ ರಾಡು ತೂರಿಸಬಹುದು. ಅದಕ್ಕೂ ಬಗ್ಗದಿದ್ದರೆ ಜೆಟ್ಟಿಂಗ್. ಕಂಡಕಂಡಾಗ ಆ್ಯಸಿಡ್ ಸುರಿಯುವ ಚಟ ಬಿಡಿ. ಆ್ಯಸಿಡ್ಡೂ ಬ್ಲೀಚಿಂಗ್ ಪುಡಿಯೂ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಮಳೆ ನೀರಿನ ಪೈಪನ್ನು ಒಳಚರಂಡಿಗೆ ಜೋಡಿಸಬೇಡಿ. ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕಲು ಅದೂ ಒಂದು ಕಾರಣ. ಬೀದಿಯ ಮ್ಯಾನ್‌ಹೋಲ್ ಮುಚ್ಚಳ ಎತ್ತಿಸುವ ಅಧಿಕಾರ ನಿಮಗಿಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ, ಬೇರೆ ಊರುಗಳಲ್ಲಿ ನಗರಸಭೆಗೆ ಹೇಳಿ. ಗುಂಡಿ, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಲು 14420 ಎಂಬ ಸಹಾಯವಾಣಿಯನ್ನು ಸರಕಾರ 2020ರಲ್ಲಿ ಗೊತ್ತುಪಡಿಸಿದೆ. ಫೋನ್ ಎತ್ತದಿದ್ದರೆ ನಗರಸಭೆಯ ಕಚೇರಿಗೇ ಹೋಗಿ ಕೇಳಿ.

ಹೊಸ ಮನೆ ಕಟ್ಟಿಸುವವರಿಗೆ ಒಂದು ಮಾತು. ಗುಂಡಿಯ ಸಾವು ತೀರ್ಮಾನವಾಗುವುದು ಟೈಲ್ಸ್ ಹಾಕುವ ದಿನ. ಮುಚ್ಚಳವನ್ನು ಟೈಲ್ಸಿನ ಕೆಳಗೆ ಹೂತರೆ ಗಾಡಿಯ ಕೊಳವೆ ಇಳಿಯಲು ಜಾಗವಿರುವುದಿಲ್ಲ; ಒಡೆದು, ಇಳಿದು, ಬಾಚುವ ಮಾತು ಅಲ್ಲಿಂದಲೇ ಶುರು. ಎತ್ತಲು ಬರುವಂಥ ಮುಚ್ಚಳ ಬಿಡಿಸಿ, ಅನಿಲ ಹೋಗುವ ಎತ್ತರದ ಪೈಪು ಇಡಿಸಿ, ಕೊಳವೆ ತಲುಪುವ ಕಡೆ ಟ್ಯಾಂಕು ಕಟ್ಟಿಸಿ. ಜಾಗವಿದ್ದರೆ ಜೋಡಿ ಇಂಗುಗುಂಡಿಯ ಶೌಚಾಲಯ ಮಾಡಿಸಬಹುದು: ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ.

ಗಾಡಿಯವನು ಹೀರಿದ್ದನ್ನು ಎಲ್ಲಿ ಸುರಿಯುತ್ತಾನೆ ಎಂಬುದನ್ನೂ ಕೇಳಬೇಕು. ರಾಜಕಾಲುವೆಗೋ ಕೆರೆಗೋ ಸುರಿದರೆ ನಮ್ಮ ಹೊಲಸು ಇನ್ನೊಬ್ಬರ ಬಾವಿಗೆ ಹೋಯಿತಷ್ಟೆ. ದೇವನಹಳ್ಳಿಯಲ್ಲಿ 2015ರಲ್ಲೇ ಶೌಚಗುಂಡಿಯ ಹೂಳನ್ನು ಸಂಸ್ಕರಿಸುವ ಘಟಕ ಶುರುವಾಯಿತು. ಸಣ್ಣ ಊರಿನಲ್ಲಿ ಆಗುತ್ತದೆ ಎಂಬುದಕ್ಕೆ ಅದು ಪುರಾವೆ. ನಮ್ಮ ಊರಿನಲ್ಲಿ ಯಾಕಿಲ್ಲ ಎಂದು ಚುನಾವಣೆಗೆ ಕೈಮುಗಿದು ಬರುವವರನ್ನು ಕೇಳಬೇಕು.

ಜಮಾತ್ ಕಮಿಟಿಗಳು, ದೇವಸ್ಥಾನದ ಸಮಿತಿಗಳು, ಶಾದಿಮಹಲ್, ಕಲ್ಯಾಣ ಮಂಟಪದವರು, ಶಾಲೆ ನಡೆಸುವವರು ಈ ವಿಷಯದಲ್ಲಿ ಮೊದಲ ಹೆಜ್ಜೆ ಇಡಬಹುದು. ಅವರ ಕಟ್ಟಡಗಳಿಗೂ ಗುಂಡಿಗಳಿವೆ. ‘ನಮ್ಮ ಆವರಣದಲ್ಲಿ ಯಾವ ಮನುಷ್ಯನೂ ಗುಂಡಿಗೆ ಇಳಿಯುವುದಿಲ್ಲ’ ಎಂದು ಒಂದು ಠರಾವು ಬರೆದರೆ ಖರ್ಚೇನಿಲ್ಲ. ಮೊಹಲ್ಲಾದ ಮನೆಗಳು ಸೇರಿ ಒಂದೇ ವಾರ ಗಾಡಿ ಕರೆಸಿದರೆ ದರವೂ ಇಳಿದೀತು. ಚೌಕಾಸಿ ಮಾಡುವ ಹುಮ್ಮಸ್ಸಿದ್ದವರು ಅಲ್ಲಿ ಮಾಡಲಿ, ಗಾಡಿಯ ಮಾಲೀಕನ ಜೊತೆ.

ಕೊನೆಗೆ ಮನೆಯವರೆಲ್ಲ ಮಾಡಬಹುದಾದ ಒಂದು ಸಣ್ಣ ಕೆಲಸ. ಕರೆಂಟಿನ ಮೀಟರ್ ಬೋರ್ಡಿನ ಪಕ್ಕದ ಗೋಡೆಯ ಮೇಲೆ ಗುಂಡಿ ಖಾಲಿ ಮಾಡಿಸಿದ ತಾರೀಕು ಬರೆದಿಡಿ, ಮುಂದಿನ ಸಲದ ವರ್ಷವನ್ನೂ ಬರೆಯಿರಿ. ಆ ವರ್ಷ ಬಂದಾಗ, ಉಕ್ಕುವುದಕ್ಕೆ ಮೊದಲೇ, ಗಾಡಿ ಕರೆಸಿ. ಅಷ್ಟೂ ಮಾಡದೆ, ತುಂಬಿದ ದಿನ ಹಗ್ಗ ಹಿಡಿದು ಬಾಗಿಲಿಗೆ ಬಂದವನನ್ನು ‘ಎಷ್ಟು ತಗೊಳ್ತೀಯೋ?’ ಎಂದು ಕೇಳುವ ಮನೆ, ಎಷ್ಟು ಸಲ ಫಿನಾಯಿಲ್ ಹಾಕಿ ಒರೆಸಿದರೂ ನಾಪಾಕ್ ಮನೆಯೇ.